ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳುವ ಮುನ್ನ ಬೆರಳಿಟ್ಟು ನೋಡಿ
ದಿನವಿಡೀ ಕನ್ನಡ ಟೈಪ್ ಮಾಡುವವರು ದಯವಿಟ್ಟು ಬರೀ ಚಿತ್ರ ನೋಡಿ ಕೀಬೋರ್ಡ್ ತರಿಸಿಕೊಳ್ಳಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಅಂಗಡಿಯವರನ್ನು ಕೇಳಿ, ಒಂದು ಇಡೀ ಪ್ಯಾರಾ ಟೈಪ್ ಮಾಡಿ ನೋಡಿ. ಒಂದೆರಡು ಕೀಲಿ ಒತ್ತಿದರೆ ಏನೂ ತಿಳಿಯುವುದಿಲ್ಲ.

ಲ್ಯಾಪ್‌ಟಾಪಿನ ಕೀಲಿ ಸಾಮಾನ್ಯವಾಗಿ 1ರಿಂದ 1.5 ಮಿಲಿಮೀಟರ್ ಇಳಿಯುತ್ತದೆ. ಅಡಿಯ ರಬ್ಬರ್ ಕುಸಿದು ಹೆಚ್ಚುಕಡಿಮೆ ತಳ ಮುಟ್ಟಿದಾಗಲೇ ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಅಡಿಯಲ್ಲೂ ಪ್ರತ್ಯೇಕ ಸ್ವಿಚ್ಚಿರುತ್ತದೆ; ರೆಡ್, ಬ್ರೌನ್, ಬ್ಲೂ ಅದರ ಬಗೆಗಳು. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ಚಿನಲ್ಲಿ ಇಳಿತ 4 ಮಿಲಿಮೀಟರ್. ಆದರೆ 2 ಮಿಲಿಮೀಟರಿಗೇ ಅಕ್ಷರ ದಾಖಲಾಗುತ್ತದೆ. ತಳದವರೆಗೆ ಕುಟ್ಟಬೇಕಾಗಿಲ್ಲ! ಲ್ಯಾಪ್‌ಟಾಪಿನ ಅಭ್ಯಾಸದಲ್ಲಿ ಕುಟ್ಟುತ್ತಲೇ ಹೋದರೆ ದುಬಾರಿ ಕೀಬೋರ್ಡಿನಲ್ಲೂ ಬೆರಳು ದಣಿಯುತ್ತದೆ.

ಕನ್ನಡ ಟೈಪಿಂಗಿಗೆ ‘ನುಡಿ’ ಕೀಲಿ ವಿನ್ಯಾಸ ಬಳಸುವವರು ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂತಹ ಪದಗಳನ್ನೇ ಟೈಪ್ ಮಾಡಿ ಪರೀಕ್ಷಿಸಿ. ಒತ್ತಕ್ಷರಕ್ಕೆ ಎಡ ತೋರುಬೆರಳು ಎಫ್ ಕೀಲಿಗೆ ಮತ್ತೆ ಮತ್ತೆ ಹೋಗುತ್ತದೆ. ಬ್ರೌನ್ ಸ್ವಿಚ್ಚು ನಡುವೆ ಒಂದು ಸಣ್ಣ ತಡೆ ಕೊಡುವುದರಿಂದ ಕೀಲಿ ಒತ್ತಿತೋ ಇಲ್ಲವೋ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಕನ್ನಡಕ್ಕೆ ಇದೇ ಸರಿ. ಬ್ಲೂ ಸ್ವಿಚ್ಚು ಪ್ರತಿ ಅಕ್ಷರಕ್ಕೂ ಟಕ್ಕೆನ್ನುತ್ತದೆ. ಮಗು ಮಲಗುವ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಬೇಡವೇ ಬೇಡ.

ಎತ್ತರವನ್ನೂ ಗಮನಿಸಿ. ಈ ಕೀಬೋರ್ಡುಗಳು ದಪ್ಪ; ಮಣಿಕಟ್ಟು ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಕೀಬೋರ್ಡಿನ ಹಿಂಬದಿಯ ಕಾಲುಗಳನ್ನು ಮಡಿಚಿಡಿ, ಕುರ್ಚಿ ಸ್ವಲ್ಪ ಏರಿಸಿ.

ದಿನಕ್ಕೆ ನಾಲ್ಕಾರು ಇಮೇಲ್ ಬರೆಯುವವರಿಗೆ ಲ್ಯಾಪ್‌ಟಾಪಿನದೇ ಸಾಕು, ಹಣ ಉಳಿಸಿಕೊಳ್ಳಿ.