ಗ್ಯಾಸಿನ ಮೇಲೆ ತೊಡದೇವು: ನನ್ನ ಅನುಭವ

ತೊಡದೇವು ಎಂದರೆ ನುಣ್ಣಗೆ ಬೀಸಿದ ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಸೇರಿಸಿ, ಕವುಚಿದ ಬಿಸಿ ಮಡಕೆಯ ಮೇಲೆ ಬಟ್ಟೆಯಿಂದ ಎಳೆದು ತೆಗೆಯುವ ತೆಳು ಹಾಳೆಯ ಸಿಹಿತಿಂಡಿ. ಅದು ಗ್ಯಾಸಿನ ಮೇಲೆ "ಆಗ್ತಿಲ್ಲೆ" (ಆಗುವುದಿಲ್ಲ) ಎಂದು ನಮ್ಮ ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿ ಹೇಳದವರಿಲ್ಲ. ಅತ್ತೆಯವರದ್ದೂ ಅದೇ ಮಾತಾಗಿತ್ತು. ಈಗ ಆಲೆಮನೆ ಹಂಗಾಮಿನದೂ ಮಳೆಗಾಲದ್ದೂ ಎಲ್ಲ ಗ್ಯಾಸಿನ ಮೇಲೇ ತೆಗೆಯುತ್ತಿದ್ದೇವೆ. ಹಾಳೆ ಸೌದೆ ಒಲೆಯದಕ್ಕಿಂತ ತೆಳುವಾಗಿಯೇ ಬರುತ್ತಿದೆ. ಅಕ್ಕಿ ನೆನೆಸುವುದು, ನುಣ್ಣಗೆ ಬೀಸುವುದು ನಿಮಗೆ ಹೊಸದಲ್ಲ, ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಮೊದಲ ತೊಂದರೆ ಗಾಳಿಯದು. ಮಡಕೆಯನ್ನು ಸೀದಾ ಬರ್ನರಿನ ಮೇಲೆ ಕವುಚಿದರೆ ಉರಿಗೆ ಗಾಳಿ ಸಾಲದು. ಹಳದಿ ಉರಿ ಎದ್ದು ಮಸಿ ಕಟ್ಟುತ್ತದೆ, ಇಲ್ಲವೇ ಉರಿ ನಂದಿ ಒಳಗೆ ಗ್ಯಾಸು ತುಂಬುತ್ತದೆ. ಅದು ಅಪಾಯ. ಮಡಕೆ ಕೂರಿಸಲು ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಕಾಲಿನ ಕಬ್ಬಿಣದ ಬಳೆ ಮಾಡಿಸಿದೆ, ಮುನ್ನೂರೈವತ್ತೋ ನಾನೂರೋ ಆಯಿತು. ಮಡಕೆಯ ಬಾಯಿಗೂ ಒಲೆಗೂ ನಡುವೆ ಮೂರು ಬೆರಳು ಸಂದು ಇರಬೇಕು.

ಎರಡನೆಯದು, ಸೌದೆಯ ಉರಿ ಮಡಕೆಯ ಒಳಮೈಯನ್ನೆಲ್ಲ ಸವರುತ್ತದೆ, ಗ್ಯಾಸಿನದು ನೆತ್ತಿಗೊಂದೇ ಹೊಡೆಯುತ್ತದೆ. ನೆತ್ತಿಯಲ್ಲಿ ಹಿಟ್ಟು ಕಪ್ಪಾಗುವ ಹೊತ್ತಿಗೆ ಅಂಚಿನಲ್ಲಿ ಇನ್ನೂ ಹಸಿ. ಉರಿ ಸಣ್ಣ ಮಾಡಿದರೆ ಅಂಚು ಏಳುವುದೇ ಇಲ್ಲ. ತೊಡದೇವು ಆಗ್ತಿಲ್ಲೆ ಎನ್ನುವವರು ಸೋತಿದ್ದು ಇಲ್ಲೇ. ಬರ್ನರಿನ ಮೇಲೆ ಆರಿಂಚು ಅಗಲದ ಹಳೆಯ ಕಬ್ಬಿಣದ ಕಾವಲಿ ಇಟ್ಟು, ಅದರ ಮೇಲೆ ಮಡಕೆ ಬರುವಂತೆ ಮಾಡಿದೆ. ಉರಿ ಕಾವಲಿಯ ಸುತ್ತ ಸುಳಿದು ಮಡಕೆಯ ಪಕ್ಕೆಗೆ ಹತ್ತುತ್ತದೆ. ಮಡಕೆಯ ಬಾಯಿ ಹನ್ನೊಂದು ಹನ್ನೆರಡು ಇಂಚಾದರೂ ಬೇಕು. ಕಾವಲಿ ದೊಡ್ಡದಾದರೆ ಬಿಸಿ ಬಾಯಲ್ಲೇ ಹೊರಗೆ ಹೋಗಿ ಗ್ಯಾಸು ದಂಡ.

ಮೊದಲ ವರ್ಷ ಮಡಕೆಗೇ ಎರಡು ಸಾವಿರದ ಹತ್ತಿರ ಹೋಯಿತು. ಸೌದೆ ಒಲೆ ನಿಧಾನ ಕಾಯುತ್ತದೆ, ಗ್ಯಾಸು ಹಾಗಲ್ಲ. ಹಚ್ಚಿದ ಕೂಡಲೇ ದೊಡ್ಡ ಉರಿ ಕೊಟ್ಟರೆ ಟಪ್ ಎಂದು ಸೀಳು ಬಿಡುತ್ತದೆ. ಕಾಲು ಗಂಟೆ ಸಣ್ಣ ಉರಿ, ಆಮೇಲೆ ಮಧ್ಯಮ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆ ತಾಗಿಸಬಾರದು, ಅಲ್ಲೇ ಆರಲು ಬಿಡಬೇಕು. ಹೊಸ ಮಡಕೆಗೆ ಶೇಂಗಾ ಎಣ್ಣೆ ಹಚ್ಚಿ ಕಾಯಿಸುವುದು ಎಲ್ಲರೂ ಮಾಡುವುದೇ. ಎಣ್ಣೆಯ ಜೊತೆ ಅತ್ತೆಯವರು ಇನ್ನೊಂದು ಉಜ್ಜುತ್ತಾರೆ, ಅದು ಏನೆಂದು ಇಲ್ಲಿ ಹೇಳುವುದಿಲ್ಲ.

ಹಿಟ್ಟಿಗೆ ಹಳೆಯ ಬೆಳ್ತಿಗೆ, ಅಂದರೆ ಕುಚ್ಚಲಲ್ಲದ ಬಿಳಿ ಅಕ್ಕಿಯೇ ಆಗಬೇಕು. ಹೊಸ ಅಕ್ಕಿಯ ಹಾಳೆ ಅಂಟಂಟಾಗುತ್ತದೆ. ಕಿಲೋ ಅಕ್ಕಿಗೆ ಎರಡೂವರೆಯಿಂದ ಮೂರು ಲೀಟರ್ ಕಬ್ಬಿನ ಹಾಲು, ಚಿಟಿಕೆ ಉಪ್ಪು, ಬಣ್ಣಕ್ಕೆ ಅರಿಶಿನ. ಅದ್ದಿ ಎತ್ತಿದ ಬಟ್ಟೆಯಿಂದ ಹಿಟ್ಟು ಹಾಲಿನ ಹಾಗೆ ಇಳಿಯಬೇಕು. ಕಬ್ಬಿನ ಹಾಲು ಅದೇ ದಿನದ್ದಾಗಿರಬೇಕು, ರಾತ್ರಿ ಇಟ್ಟದ್ದು ಹುಳಿ ಬಂದು ಹಾಳೆಯಲ್ಲಿ ತೂತು ಬೀಳುತ್ತದೆ. ಹಂಗಾಮು ಮುಗಿದ ಮೇಲೆ ಲೀಟರ್ ನೀರಿಗೆ ಕಾಲು ಕಿಲೋ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಕರಗಿಸಿ, ಎರಡು ಸಲ ಸೋಸಿ ಹಾಕುತ್ತೇನೆ. ಬೆಲ್ಲ ಹೆಚ್ಚಾದರೆ ಹಾಳೆ ಕೆಂಪಾಗಿ ಮಡಕೆಗೆ ಕಚ್ಚುತ್ತದೆ. ಕಡಿಮೆಯಾದರೆ ಬೆಳ್ಳಗೆ ಬಿರುಸಾಗಿ, ಮಡಚುವಾಗಲೇ ಮುರಿಯುತ್ತದೆ.

ಕಾವು ನೋಡಲು ಎರಡು ಹನಿ ನೀರು ಚಿಮುಕಿಸಿ. ಹನಿ ಉರುಳಿ ಓಡಿದರೆ ಕಾವು ಜಾಸ್ತಿ, ಅಲ್ಲೇ ಸುಯ್ ಎಂದು ಆರಿದರೆ ಸರಿ. ಎಣ್ಣೆ ಬಟ್ಟೆ ಆಡಿಸಿ, ಕೋಲಿಗೆ ಕಟ್ಟಿದ ಹಳೆ ಪಂಚೆಯ ಬಟ್ಟೆ ಅದ್ದಿ, ಆಚೆ ಅಂಚಿನಿಂದ ಈಚೆಗೆ ಒಂದೇ ಎಳೆತ. ನಡುವೆ ಕೈ ನಿಂತರೆ ಅಲ್ಲಿ ಗೆರೆ ಬೀಳುತ್ತದೆ. ಅಂಚು ಬಿಟ್ಟ ತಕ್ಷಣ ತುಪ್ಪ ಚಿಮುಕಿಸಿ ಮಡಚಿ ಎತ್ತಬೇಕು, ಹತ್ತು ಎಣಿಸುವಷ್ಟು ತಡವಾದರೂ ಮಡಚಿದಲ್ಲಿ ಹಾಳೆ ಸೀಳುತ್ತದೆ. ಶುರುವಿನ ನಾಲ್ಕೈದು ಹಾಳೆ ಹಾಳಾಗುವುದು ಲೆಕ್ಕಕ್ಕಿಲ್ಲ, ಅವು ಮಕ್ಕಳ ಪಾಲು.

ಕೈ ಕಲಿಸುವುದೇ ಹೆಚ್ಚು ಕಷ್ಟ. ಅತ್ತೆಯವರು ಕಲಿತದ್ದು ಬಿಸಿ ಮಡಕೆಯ ಮುಂದೆ ಬೈಸಿಕೊಂಡು. ಮಗಳಿಗೆ, ಮೈದುನನ ಮಗನಿಗೆ ತಣ್ಣನೆಯ ಮಡಕೆಯ ಮೇಲೆ ಬರೀ ನೀರಿನಲ್ಲಿ ಎಳೆಸಿದೆ. ಒದ್ದೆ ಗುರುತು ಎಲ್ಲಿ ಬೇಗ ಆರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೇ ಕಾಣುತ್ತದೆ, ಹಿಟ್ಟೂ ದಂಡವಿಲ್ಲ. ಹುಡುಗನ ಕೈ ಈಗ ನನ್ನದಕ್ಕಿಂತ ಹಗುರ. ಹಿಟ್ಟಿನ ಹದ ಮಾತ್ರ ಅತ್ತೆಯವರೇ ನೋಡಬೇಕು, ಬಟ್ಟೆ ಎತ್ತಿ ಹನಿ ಬೀಳುವುದನ್ನು ನೋಡಿ "ಇನ್ನೊಂದು ಲೋಟ" ಎಂದರೆ ಮುಗಿಯಿತು.

ಬೇರೆ ಪ್ರಯೋಗವೂ ಮಾಡಿದ್ದುಂಟು. ಅಲ್ಯೂಮಿನಿಯಂ ಬೋಗುಣಿ ಕವುಚಿ ನೋಡಿದರೆ ಬೆಲ್ಲ ಕಚ್ಚಿ ಉಜ್ಜಿ ತೆಗೆಯುವುದೇ ಕೆಲಸ. ಮಾವಿನ ರಸ ಹಾಕಿದ್ದಕ್ಕೆ ಪರಿಮಳ ಚೆನ್ನಾಗಿತ್ತು, ಮಾರನೇ ದಿನ ಮೆತ್ತಗಾಯಿತು. ತೆಂಗಿನ ಹಾಲಿನಲ್ಲಿ ಎಣ್ಣೆ ಬಿಟ್ಟು ಹಿಟ್ಟು ಜಾರಿತು. ಶುಂಠಿ ರಸದ್ದು ಮಾತ್ರ ನಿಂತಿದೆ, ಅದಕ್ಕೆ ಪ್ರತ್ಯೇಕ ಗಿರಾಕಿಗಳಿದ್ದಾರೆ.

ಲೆಕ್ಕ ಹೀಗೆ: ಕಿಲೋ ಅಕ್ಕಿಗೆ ನೂರರ ಆಸುಪಾಸು ಹಾಳೆ. ಮಾರಲು ಮಾಡುವುದರಿಂದ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್, ಒಂದರಲ್ಲಿ ಎರಡು, ಎರಡೂವರೆ ಸಾವಿರ ಹಾಳೆ ಆಗುತ್ತದೆ. ಗ್ಯಾಸಿಗಿಂತ ತುಪ್ಪದ ಖರ್ಚೇ ದೊಡ್ಡದು. ಒಂದಕ್ಕೆ ಹದಿನೈದು ರೂಪಾಯಿಯಂತೆ ಕೊಡುತ್ತೇನೆ. ಬೆಂಗಳೂರಿನ ಪಾರ್ಸೆಲ್ಲಿನಲ್ಲಿ ಮೊದಮೊದಲು ಅರ್ಧಕ್ಕರ್ಧ ಪುಡಿಯಾಗುತ್ತಿತ್ತು. ಈಗ ಹತ್ತತ್ತು ಹಾಳೆಯ ಕಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಿಲ್ಲಿಸಿ, ಸಂದಿಗೆ ಕಾಗದ ತುರುಕುತ್ತೇನೆ. ಮಳೆಗಾಲದಲ್ಲಿ ಹಾಳೆ ಪೂರ್ತಿ ತಣಿದ ಕೂಡಲೇ ಡಬ್ಬಿಗೆ ಸೇರಬೇಕು, ಗಾಳಿಗೆ ಬಿಟ್ಟರೆ ತೇವ ಎಳೆದು ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ಮುಚ್ಚಿದರೂ ಅಷ್ಟೇ, ಒಳಗೆ ಬೆವರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.