ಕೆನಡಾದಲ್ಲಿ ಹಾಲು, ಬೆಣ್ಣೆ ಯಾಕೆ ಇಷ್ಟು ದುಬಾರಿ?

ಕೆನಡಾಕ್ಕೆ ಹೊಸದಾಗಿ ಬಂದವರು ಮೊದಲ ತಿಂಗಳ ದಿನಸಿ ಬಿಲ್ ನೋಡಿ ಕೇಳುವ ಪ್ರಶ್ನೆ ಇದು. ಗಡಿ ದಾಟಿ ಅಮೆರಿಕದ ಬಫಲೋಗೆ ಹೋದರೆ ಕಡಿಮೆಗೆ ಸಿಗುತ್ತಲ್ವಾ ಅಂತಲೂ ಕೇಳುತ್ತಾರೆ. ಸಾಮಾನ್ಯವಾಗಿ ಸಿಗುತ್ತದೆ. ಇದರ ಹಿಂದೆ ಇರುವುದು ಇಲ್ಲಿಯವರು ಸಪ್ಲೈ ಮ್ಯಾನೇಜ್‌ಮೆಂಟ್ ಅನ್ನುವ ಏರ್ಪಾಡು. ದೇಶಕ್ಕೆ ಎಷ್ಟು ಹಾಲು ಬೇಕೋ ಅಷ್ಟೇ ಕರೆಯುವುದು, ರೈತನಿಗೆ ಖರ್ಚು ಗಿಟ್ಟುವ ಬೆಲೆ ಕೊಡುವುದು, ಹೊರಗಿನ ಹಾಲು ಒಳಗೆ ನುಗ್ಗದಂತೆ ತಡೆಯುವುದು. 1970ರ ದಶಕದ ಆರಂಭದಿಂದ ಹೀಗೇ ನಡೆದಿದೆ.

ನಮ್ಮೂರಲ್ಲಿ ಒಂದೇ ಹಸು ಇದ್ದರೂ ಬೆಳಿಗ್ಗೆ ಕ್ಯಾನ್ ಹಿಡಿದು ಹೋಗಿ ಡೇರಿಗೆ ಹಾಲು ಹಾಕಿ ಬರಬಹುದು. ಇಲ್ಲಿ ಹಾಲು ಮಾರಲು ಕೋಟಾ ಬೇಕು, ಅಂದರೆ ಇಷ್ಟು ಮಾರಬಹುದು ಅನ್ನುವ ಹಕ್ಕು. ಅದರ ಲೆಕ್ಕ ಲೀಟರಿನಲ್ಲಿಲ್ಲ, ದಿನಕ್ಕೆ ಎಷ್ಟು ಕಿಲೋ ಫ್ಯಾಟ್ ಅನ್ನುವುದರಲ್ಲಿ. ಒಂದು ಕಿಲೋ ಅಂದರೆ ಹೆಚ್ಚುಕಡಿಮೆ ಒಂದು ಹಸು. ಒಂಟಾರಿಯೊದಲ್ಲಿ ಒಂದು ಕಿಲೋ ಕೋಟಾದ ಬೆಲೆಗೆ 24,000 ಡಾಲರ್ ಮಿತಿ ಹಾಕಿದ್ದಾರೆ, ಆಲ್ಬರ್ಟಾದಲ್ಲಿ ಇನ್ನೂ ಜಾಸ್ತಿ. ನೂರು ಹಸು ಸಾಕಬೇಕಾದರೆ ಹಸು, ಕೊಟ್ಟಿಗೆ, ಜಮೀನು ಬಿಟ್ಟು ಬರೀ ಕೋಟಾಕ್ಕೇ 24 ಲಕ್ಷ ಡಾಲರ್! ಅಪ್ಪನಿಂದ ಬರದಿದ್ದರೆ ಹೊಸಬರು ಈ ಕಸುಬಿಗೆ ಇಳಿಯುವುದು ಕಷ್ಟ. ನನ್ನ ಕೇಳಿದರೆ ಈ ಪದ್ಧತಿಯ ದೊಡ್ಡ ತೊಂದರೆ ಇದೇ.

ರೈತನಿಗೆ ಸಿಗುವ ಬೆಲೆ ನಿಗದಿ ಮಾಡುವುದು 1966ರಲ್ಲಿ ಶುರುವಾದ ಕೆನಡಿಯನ್ ಡೇರಿ ಕಮಿಷನ್. ಸೂತ್ರದಲ್ಲಿ ಅರ್ಧ ರೈತನ ಖರ್ಚು, ಇನ್ನರ್ಧ ದೇಶದ ಬೆಲೆಯೇರಿಕೆ. ಹೊಸ ದರ ಸಾಮಾನ್ಯವಾಗಿ ಫೆಬ್ರವರಿ 1ಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಲೀಟರಿಗೆ ಇಷ್ಟು ಅಂತ ಸರ್ಕಾರ ಪ್ರೋತ್ಸಾಹಧನ ಕೊಡುತ್ತದಲ್ಲ, ಇಲ್ಲಿ ಆ ಭಾರ ಕೊಳ್ಳುವವರ ಮೇಲೆ. ಕಡಿಮೆ ಸಂಬಳದ, ಮಕ್ಕಳಿರುವ ಮನೆಗೆ ಅದು ಜಾಸ್ತಿಯೇ ತಟ್ಟುತ್ತದೆ.

ಇನ್ನು ಗಡಿಯ ಗೋಡೆ. ಬೆಣ್ಣೆಗೆ 298.5, ಚೀಸ್‌ಗೆ 245.5, ಹಾಲಿಗೆ 241 ಶೇಕಡಾ ಸುಂಕ. ಟ್ರಂಪ್ ಸಿಟ್ಟಾಗುವುದು ಈ ಅಂಕಿಗಳಿಗೇ. ಆದರೆ ಅವು ಅನ್ವಯಿಸುವುದು ಆಮದಿನ ಮಿತಿ ದಾಟಿದ ಮೇಲೆ. ಮಿತಿಯೊಳಗೆ ಬರುವ ಅಮೆರಿಕದ ಮಾಲಿಗೆ ಸುಂಕವೇ ಇಲ್ಲ. ಜಗಳ ಇರುವುದು ಆ ಮಿತಿಯ ಪಾಲು ಯಾರಿಗೆ ಹೋಗಬೇಕು ಅನ್ನುವುದರಲ್ಲಿ. ಅದನ್ನು ಬಹುಪಾಲು ಇಲ್ಲಿಯ ಡೇರಿ ಕಂಪನಿಗಳಿಗೇ ಮೀಸಲಿಟ್ಟಿದ್ದರು. ಅಮೆರಿಕ ದೂರು ಕೊಟ್ಟು ಮೊದಲ ಕೇಸು ಗೆದ್ದಿತು, 2023ರಲ್ಲಿ ಎರಡನೆಯದನ್ನು ಸೋತಿತು. ಚೀಸ್ ವಿಷಯಕ್ಕೇ ಜಗಳವಾಗಿ ಬ್ರಿಟನ್ 2024ರ ಜನವರಿಯಲ್ಲಿ ಕೆನಡಾ ಜೊತೆಗಿನ ವ್ಯಾಪಾರ ಮಾತುಕತೆ ನಿಲ್ಲಿಸಿತು. ಇನ್ನು ಮುಂದೆ ಯಾವ ವ್ಯಾಪಾರ ಒಪ್ಪಂದದಲ್ಲೂ ಡೇರಿ ಬಾಗಿಲು ಇನ್ನಷ್ಟು ತೆರೆಯುತ್ತೇವೆಂದು ಮಂತ್ರಿ ಮಾತು ಕೊಡುವಂತಿಲ್ಲ ಅಂತ 2025ರ ಜೂನ್‌ನಲ್ಲಿ ಕಾನೂನೇ ಆಯಿತು. ಹೆಚ್ಚಿನ ಡೇರಿ ರೈತರು ಇರುವುದು ಕ್ವಿಬೆಕ್, ಒಂಟಾರಿಯೊದಲ್ಲಿ. ಅಲ್ಲಿಯ ಓಟು ಕಳೆದುಕೊಳ್ಳಲು ಯಾವ ಪಕ್ಷಕ್ಕೂ ಇಷ್ಟವಿಲ್ಲ.

ಅಡುಗೆಮನೆಗೆ ಬರೋಣ. ಒಂಟಾರಿಯೊ, ಕ್ವಿಬೆಕ್‌ನಲ್ಲಿ ನಾಲ್ಕು ಲೀಟರ್ ಹಾಲು ಮೂರು ಪ್ಯಾಕೆಟ್‌ಗಳಲ್ಲಿ ಬರುತ್ತದೆ. ಪ್ಯಾಕೆಟ್ಟನ್ನು ಜಗ್‌ನಲ್ಲಿಟ್ಟು ಮೂಲೆ ಕತ್ತರಿಸಿದರೆ ಆಯಿತು. ಮೊಸರಿಗೆ 3.25 ಶೇಕಡಾ ಫ್ಯಾಟ್‌ನ 'ಹೋಮೋ' (ಕೆನೆ ಬೇರ್ಪಡದಂತೆ ಮಾಡಿದ) ಹಾಲು ತನ್ನಿ. ನಂದಿನಿ ನೀಲಿ ಪ್ಯಾಕೆಟ್‌ಗೆ (3.0) ಹತ್ತಿರದ್ದು ಅದೇ. ಕೆನೆ ಕಟ್ಟಿ ಬೆಣ್ಣೆ ತೆಗೆಯುವ ಆಸೆ ಬಿಡಿ, ಉಪ್ಪಿಲ್ಲದ ಬೆಣ್ಣೆಯನ್ನೇ ಕಾಯಿಸಿ ತುಪ್ಪ ಮಾಡಿ. ಡಬ್ಬದ ಮೇಲೆ ನೀಲಿ ಹಸುವಿನ ಗುರುತಿದ್ದರೆ ಅದು ಕೆನಡಾದ ಹಾಲು.

ಬಫಲೋದಿಂದ ಬರುವಾಗ ಕಾರಿನ ಡಿಕ್ಕಿ ತುಂಬ ಚೀಸ್ ತುಂಬಿಕೊಳ್ಳಬೇಡಿ. ಸುಂಕವಿಲ್ಲದೆ ತರಲು ಸಣ್ಣ ಮಿತಿಯಿದೆ, ಮೀರಿದರೆ 150ರಿಂದ 300 ಶೇಕಡಾ ಕಟ್ಟಬೇಕಾದೀತು. ಊರಿಂದ ತರುವ ಅಮ್ಮನ ತುಪ್ಪವನ್ನೂ ಕಸ್ಟಮ್ಸ್‌ನಲ್ಲಿ ಸುಮ್ನೆ ಹೇಳಿಬಿಡಿ, ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.