ಅರಗಿನ ಪ್ಲೇಟುಗಳನ್ನು ಕೊಳ್ಳುವ, ತೊಳೆಯುವ, ಕಾಯ್ದಿಡುವ ಬಗೆ

ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಸಂಗ್ರಹಿಸಲು ಹೊರಟವರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ನಿಮಿಷಕ್ಕೆ 78 ಸುತ್ತು ತಿರುಗುವ ಈ ಪ್ಲೇಟುಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಅರಗಿನ ಹುಳುಗಳು ಮರದ ಕೊಂಬೆಗಳ ಮೇಲೆ ಒಸರಿಸುವ ಅಂಟನ್ನು ಶುದ್ಧ ಮಾಡಿ, ಅದಕ್ಕೆ ನುಣ್ಣನೆಯ ಕಲ್ಲಿನ ಪುಡಿಯನ್ನೂ ಕಪ್ಪು ಬಣ್ಣವನ್ನೂ ಬೆರೆಸಿ, ಕಾಯಿಸಿ ಅಚ್ಚೊತ್ತಿ ಇವುಗಳನ್ನು ತಯಾರಿಸುತ್ತಿದ್ದರು. ಪಾಲಿಸಬೇಕಾದ ಎಚ್ಚರಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಾಗಲಿ, ಮುಂಬಯಿಯ ಚೋರ್ ಬಜಾರಿನಲ್ಲಾಗಲಿ ಪ್ಲೇಟು ಸಿಕ್ಕರೆ, ಬೆಲೆ ಕೇಳುವ ಮೊದಲು ಅದನ್ನು ಓರೆಯಾಗಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಬೇಕು. ಕಪ್ಪಗೆ ಹೊಳೆಯಬೇಕಾದ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದರೆ, ಅದರಲ್ಲೂ ಗಾಯಕರು ದನಿ ಏರಿಸಿದ ಕಡೆಗಳಲ್ಲಿ ಬಿಳಿಚಿಕೊಂಡಿದ್ದರೆ, ಉಕ್ಕಿನ ಮುಳ್ಳು ಗೆರೆಯ ಗೋಡೆಯನ್ನೇ ಸವೆಸಿದೆ ಎಂದು ತಿಳಿಯಬೇಕು. ಎಷ್ಟು ತೊಳೆದರೂ ಆ ದನಿ ಮರಳುವುದಿಲ್ಲ. ಬಳಿಕ ನಡುವಿನ ತೂತಿಗೆ ತೆಳುವಾದ ಕಡ್ಡಿ ತೂರಿಸಿ, ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಬೇಕು. ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆಯೇ ಇದು: ಗಟ್ಟಿಯಾದದ್ದು ಖಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕಿದ್ದರೆ ದನಿ ಒಡೆದು ಕೇಳುತ್ತದೆ.

ಲೇಬಲ್ಲಿನ ಮೇಲಿರುವ ಹೆಸರೊಂದನ್ನೇ ನಂಬಬಾರದು. ಗಂಗೂಬಾಯಿ ಹಾನಗಲ್ ಅವರ ಆರಂಭದ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದಿದ್ದವು. ಗೊತ್ತಿಲ್ಲದವರು ಅವುಗಳನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಇನ್ನೂ ಹಳೆಯ ಕಾಲದವರು ತಮ್ಮ ಹೆಸರನ್ನು ಹಾಡಿನ ಕೊನೆಯಲ್ಲಿ ತಾವೇ ಹೇಳುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡ ಗೌಹರ್ ಜಾನ್, ಹಾಡು ಮುಗಿದೊಡನೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎನ್ನುವುದು ಇಂದಿಗೂ ಕೇಳಿಸುತ್ತದೆ. ಮೈಸೂರು ಅರಮನೆಯ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಯ ಪ್ಲೇಟು ಮೈಸೂರಿನ ಮನೆಯೊಂದರಲ್ಲಿ ಸಿಕ್ಕರೆ ಅದರ ಬೆಲೆಯೇ ಬೇರೆ ಎಂಬುದು ನನ್ನ ಭಾವನೆ. ಆದ್ದರಿಂದ ಲೇಬಲ್ಲಿನ ಬರಹವನ್ನು ಇದ್ದದ್ದು ಇದ್ದ ಹಾಗೆ, ಗೆರೆಗಳು ಮುಗಿದು ಲೇಬಲ್ಲು ಶುರುವಾಗುವ ನಡುವಿನ ಜಾಗದಲ್ಲಿ ಮೂಡಿರುವ ಅಂಕಿ ಅಕ್ಷರಗಳ ಸಮೇತ, ಒಂದು ಪುಸ್ತಕದಲ್ಲಿ ಬರೆದಿಡಬೇಕು.

ತೊಳೆಯಲು ಸ್ಪಿರಿಟ್ಟನ್ನು ಎಂದಿಗೂ ಬಳಸಬಾರದು. ಬಡಗಿಗಳು ಪಾಲಿಷಿಗಾಗಿ ಅರಗನ್ನು ಸ್ಪಿರಿಟ್ಟಿನಲ್ಲಿಯೇ ಕರಗಿಸುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ರಿಪೇರಿಯವರೊಬ್ಬರು ನನ್ನ ಅಜ್ಜಿಯ ಕಾಲದ ನಾಟಕದ ಪ್ಲೇಟೊಂದನ್ನು ಹಾಗೆ ಒರೆಸಿದಾಗ ಬಟ್ಟೆಗೆ ಕಪ್ಪು ಹತ್ತಿತು. ಆ ಭಾಗದ ಹಾಡು ಅಲ್ಲಿಗೇ ಹೋಯಿತು. ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಬೆರೆಸಿ, ಲೇಬಲ್ಲು ನೆನೆಯದಂತೆ, ಮೆತ್ತನೆಯ ಬ್ರಷ್ಷನ್ನು ಗೆರೆ ಸಾಗುವ ದಿಕ್ಕಿನಲ್ಲಿಯೇ ಆಡಿಸಿ, ಬರಿಯ ನೀರಿನಲ್ಲಿ ಮತ್ತೊಮ್ಮೆ ತೊಳೆದು, ಕೂಡಲೇ ಒರೆಸಿ ನೆರಳಿನಲ್ಲಿ ಆರಿಸಬೇಕು.

ಕೀಲಿ ಕೊಡುವ ಯಂತ್ರದಲ್ಲಿ ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳನ್ನೇ ಹಾಕಬೇಕು, ಏಕೆಂದರೆ ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಮೂರು ನಿಮಿಷದಲ್ಲಿ ಮುಳ್ಳಿನ ತುದಿಯನ್ನು ತಿಕ್ಕಿ ಹರಿತವಾದ ಅಂಚುಗಳನ್ನು ಎಬ್ಬಿಸಿರುತ್ತದೆ, ಮುಂದಿನ ಪ್ಲೇಟನ್ನು ಆ ಅಂಚುಗಳು ಕೊರೆಯುತ್ತವೆ. ವಿದ್ಯುತ್ತಿನ ಟರ್ನ್‌ಟೇಬಲ್ ಇದ್ದವರು ಲಾಂಗ್‌ಪ್ಲೇಗಿರುವ (ಮುಂದೆ ಬಂದ ಪ್ಲಾಸ್ಟಿಕ್ ಪ್ಲೇಟುಗಳಿಗಿರುವ) ಮುಳ್ಳನ್ನು ತೆಗೆದು, ಅದರ ಸುಮಾರು ಮೂರರಷ್ಟು ದಪ್ಪ ತುದಿಯ 78ರ ಮುಳ್ಳನ್ನು ಹಾಕಬೇಕು. ಸಣ್ಣ ಮುಳ್ಳು ಗೆರೆಯ ತಳದ ಕೊಳೆಯಲ್ಲಿ ಎಳೆದಾಡಿ ಬರಿಯ ಕರಕರ ಸದ್ದನ್ನು ಕೇಳಿಸುತ್ತದೆ.

ಇಡುವಾಗ ಒಂದರ ಮೇಲೊಂದು ಪೇರಿಸದೆ, ಕಾಗದದ ಚೀಲದಲ್ಲಿ ಹಾಕಿ, ಓರೆಯಾಗದಂತೆ ನೆಟ್ಟಗೆ ನಿಲ್ಲಿಸಬೇಕು. ಹೆಂಚಿನ ಮನೆಯ ಅಟ್ಟ ಬೇಸಿಗೆಯಲ್ಲಿ ಕಾದು ಅರಗನ್ನು ಬಾಗಿಸುವುದರಿಂದ ಅಲ್ಲಿ ಇಡಬಾರದು. ತೇವ ಹತ್ತುವ ಗೋಡೆಯ ಪಕ್ಕವೂ ಬೇಡ. ಚೆನ್ನಾಗಿ ನುಡಿಯುವ ಪ್ಲೇಟನ್ನು ಮೊದಲ ಸಲ ಕೇಳುವಾಗಲೇ ಕಂಪ್ಯೂಟರಿಗೆ ಇಳಿಸಿಕೊಂಡು, ವೇಗ ಎಷ್ಟಿತ್ತು, ಯಾವ ಮುಳ್ಳು ಹಾಕಿದ್ದು ಎಂಬುದನ್ನು ಅದೇ ಪುಸ್ತಕದಲ್ಲಿ ಆ ಪ್ಲೇಟಿನ ಅಂಕಿಯ ಮುಂದೆ ಬರೆದಿಟ್ಟರೆ, ಮತ್ತೆ ಮತ್ತೆ ಮುಳ್ಳು ಇಡುವ ಅಗತ್ಯ ಬೀಳುವುದಿಲ್ಲ.